ಹಿಮದ ರಾತ್ರಿಗೆ ಎಂಥ ಗಾಡಿ ಬೇಕು?

ಚಳಿಗಾಲ ಬಂತೆಂದರೆ ಅಮೆರಿಕದ ಮೋಟರ್‌ಹೋಮ್ ಜಾಹೀರಾತುಗಳಲ್ಲಿ ಒಂದೇ ಚಿತ್ರ. ಮೊಣಕಾಲುದ್ದ ಹಿಮ, ಹಿಂದೆ ಪೈನ್ ಮರಗಳು, ಹಿಮ ಚಿಮ್ಮಿಸುತ್ತ ಏರು ಹತ್ತುತ್ತಿರುವ ಪುಟ್ಟ ಗಾಡಿ. ಕೆಳಗೆ ದಪ್ಪಕ್ಷರದಲ್ಲಿ ಆಲ್-ವೀಲ್-ಡ್ರೈವ್. ಚಿತ್ರ ಸುಳ್ಳೇನಲ್ಲ. ಆದರೆ ಅದು ಹಗಲಿನ ಚಿತ್ರ, ಎಂಜಿನ್ ಓಡುತ್ತಿರುವಾಗಿನದು. ಎಂಜಿನ್ ಓಡುತ್ತಿದ್ದರೆ ಯಾವ ಗಾಡಿಯಾದರೂ ಬೆಚ್ಚಗಿರುತ್ತದೆ. ಅದರಲ್ಲಿ ಮಲಗಿ ಏಳಬೇಕಾದವರ ಚಿಂತೆ ಬೇರೆ. ಎಂಜಿನ್ ಆರಿಸಿ ಹನ್ನೆರಡು ಗಂಟೆಯಾಗಿದೆ, ಹೊರಗೆ ಮೈನಸ್ 15 ಡಿಗ್ರಿ. ಬೆಳಗಿನ ಜಾವ ನಲ್ಲಿ ತಿರುಗಿಸಿದರೆ ನೀರು ಬರುತ್ತದೆಯೇ?

ಇದು ಈಗ ನಮ್ಮವರ ಮನೆಯ ಪ್ರಶ್ನೆಯೂ ಆಗಿದೆ. ಸಿಯಾಟಲ್, ಡೆನ್ವರ್ ಕಡೆ ನೆಲೆಸಿರುವ ಕನ್ನಡದ ಕುಟುಂಬಗಳಲ್ಲಿ ಮಕ್ಕಳು ಸ್ಕೀ ಕಲಿತಿದ್ದಾರೆ. ಸ್ಕೀ ತಾಣಗಳ ಹೋಟೆಲುಗಳು ವಾರಾಂತ್ಯಕ್ಕೆ ಕೇಳುವ ದರ ನೋಡಿದರೆ ತಲೆ ತಿರುಗುತ್ತದೆ. ಸಿಯಾಟಲ್ ಹತ್ತಿರ ಇರುವ ನನ್ನ ಅಕ್ಕನ ಮಗ ಫೋನಿನಲ್ಲಿ ಕೇಳಿದ್ದೂ ಇದನ್ನೇ: "ಮಾಮ, ಎಲ್ಲ ಚಕ್ರಾನೂ ಎಳೆಯೋ ಗಾಡಿ. ಇಪ್ಪತ್ಮೂರೇ ಅಡಿ ಉದ್ದ. ತಗೊಳ್ಳಲಾ?" ನಾನು ಹೇಳಿದ್ದು ಇಷ್ಟೆ: "ಚಕ್ರದ ವಿಷಯ ಬಿಡೋ, ಅದರ ಹೊಟ್ಟೆಯಡಿ ಏನಿದೆ ಅಂತ ನೋಡಿದೀಯಾ?"

ಅವನು ಕಣ್ಣಿಟ್ಟಿದ್ದು ವಿನ್ನೆಬೇಗೊ ಎಕ್ಕೊ ಎಂಬ ಗಾಡಿಯ ಮೇಲೆ. ಇಂಥ ಪುಟ್ಟ ಆಲ್-ವೀಲ್-ಡ್ರೈವ್ ಮೋಟರ್‌ಹೋಮ್‌ಗಳ ವರ್ಗವನ್ನು ಅಳೆಯಲು ಅದೇ ಒಳ್ಳೆಯ ಮಾದರಿ. 1958ರಲ್ಲಿ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ಹುಟ್ಟಿದ ಕಂಪನಿ ವಿನ್ನೆಬೇಗೊ. ಅಲ್ಲಿನ ಜನವರಿ ಎಂಥದ್ದು ಎಂದರೆ, ಗಾಡಿಯ ಪರೀಕ್ಷೆಗೆ ಕಾರ್ಖಾನೆಯ ಅಂಗಳದಲ್ಲಿ ನಿಲ್ಲಿಸಿದರೂ ಸಾಕು. ಫೋರ್ಡ್ ಕಂಪನಿ 2020ರ ಮಾದರಿಯಿಂದ ತನ್ನ ಟ್ರಾನ್ಸಿಟ್ ವ್ಯಾನಿಗೆ ಅಮೆರಿಕದಲ್ಲಿ ಆಲ್-ವೀಲ್-ಡ್ರೈವ್ ಕೊಡತೊಡಗಿತು. ಅದರ ಚಾಸಿಯ ಮೇಲೆ ಕಟ್ಟಿ, 2021ರ ಹೊತ್ತಿಗೆ ಮಾರುಕಟ್ಟೆಗೆ ಬಿಟ್ಟಿದ್ದು ಎಕ್ಕೊ. 3.5 ಲೀಟರಿನ ಪೆಟ್ರೋಲ್ ಎಂಜಿನ್, 310 ಅಶ್ವಶಕ್ತಿ. ಹಿಂದೆ ಜೋಡಿ ಚಕ್ರ. ಸರಕು, ನೀರು, ಜನ ಎಲ್ಲ ಸೇರಿ ಗಾಡಿ ತೂಗಬಹುದಾದ ಮಿತಿ 11,000 ಪೌಂಡ್, ಅಂದರೆ ಹತ್ತಿರ ಹತ್ತಿರ ಐದು ಟನ್. ಬೆಲೆ ಒಂದೂವರೆ ಲಕ್ಷ ಡಾಲರಿಗೂ ಮೇಲೆ.

ಮೊದಲು ಚಕ್ರದ ಲೆಕ್ಕವನ್ನೇ ಮುಗಿಸೋಣ. ಟ್ರಾನ್ಸಿಟ್ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಂದ ಓಡುತ್ತದೆ. ಅವು ಜಾರತೊಡಗಿದರೆ ಕಂಪ್ಯೂಟರ್ ತಾನಾಗಿಯೇ ಮುಂದಿನ ಚಕ್ರಗಳಿಗೂ ಶಕ್ತಿ ಕಳಿಸುತ್ತದೆ. ಜೀಪಿನಲ್ಲಿರುವಂಥ ಲೋ ಗೇರ್ ಇಲ್ಲ. ನೆಲಕ್ಕೂ ಹೊಟ್ಟೆಗೂ ನಡುವಿನ ಅಂತರ ಮಾಮೂಲಿ ವ್ಯಾನಿನಷ್ಟೇ. ರಾತ್ರಿ ಒಂದಡಿ ಹಿಮ ಬಿದ್ದ ಪಾರ್ಕಿಂಗ್ ಜಾಗದಿಂದ ಬೆಳಗ್ಗೆ ಹೊರಬರಲು, ಹಿಮ ಗಟ್ಟಿಯಾದ ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಹೊರಡಿಸಲು ಇದು ನಿಜಕ್ಕೂ ನೆರವಾಗುತ್ತದೆ. ಈ ಕೆಲಸಕ್ಕೆ ನಾನು ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಆದರೆ ನಿಲ್ಲಿಸುವ ಕೆಲಸ ಡ್ರೈವಿನದ್ದಲ್ಲ. ಬ್ರೇಕು ಎಲ್ಲ ಗಾಡಿಗೂ ಎಲ್ಲ ಚಕ್ರಕ್ಕೂ ಇರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕು ತುಳಿದರೆ ಒಣ ಟಾರಿನ ಮೇಲೆ ಗಾಡಿ ಹದಿನೈದು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ನಲವತ್ತು ಮೀಟರ್ ಬೇಕು. ಬರೀ ಮಂಜುಗಡ್ಡೆಯಾದರೆ ನೂರು ಮೀಟರಿಗೆ ಹತ್ತಿರ. ಇದು ಕಾಲೇಜಿನ ಭೌತಶಾಸ್ತ್ರದ ಸರಳ ಲೆಕ್ಕ, ಘರ್ಷಣೆಯ ಮಾತು. ಇಲ್ಲಿ ಕಾಪಾಡುವುದು ಟೈರು. ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ಟೈರಿನ ರಬ್ಬರು ಬಿಗಿಯುತ್ತದೆ, ಹಿಡಿತ ಬಿಡುತ್ತದೆ. ಹಾಗಾಗಿ ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮಹರಳಿನ ಗುರುತು ಇದೆಯೇ ಎಂದು ನೋಡಬೇಕು. ಎಂ ಪ್ಲಸ್ ಎಸ್ ಎಂಬ ಬರೀ ಅಕ್ಷರವನ್ನು ನಂಬಿ ಕೂರುವಂತಿಲ್ಲ. ಜೋಡಿ ಚಕ್ರದ ಟ್ರಾನ್ಸಿಟ್‌ಗೆ ಬೇಕಾದ 195/75ಆರ್16 ಅಳತೆಯಲ್ಲಿ ಆ ಗುರುತಿನ ಟೈರುಗಳ ಆಯ್ಕೆ ಕಾರುಗಳಿಗಿರುವಷ್ಟು ದೊಡ್ಡದಲ್ಲ. ಶೋರೂಮಿನವರು ಈ ಮಾತನ್ನು ತಾವಾಗಿ ಎತ್ತುವುದಿಲ್ಲ.

ಇನ್ನು ಕಾನೂನು. ವಾಷಿಂಗ್‌ಟನ್ ರಾಜ್ಯದಲ್ಲಿ ನವೆಂಬರ್ 1ರಿಂದ ಏಪ್ರಿಲ್ 1ರವರೆಗೆ, 10,000 ಪೌಂಡಿಗಿಂತ ಭಾರದ ವಾಹನಗಳು ಗೊತ್ತುಮಾಡಿದ ಕಣಿವೆ ರಸ್ತೆಗಳಲ್ಲಿ ಟೈರಿನ ಸರಪಳಿಗಳನ್ನು ಜೊತೆಗೆ ಒಯ್ಯಲೇಬೇಕು. ಸಿಯಾಟಲ್‌ನಿಂದ ಪೂರ್ವಕ್ಕೆ ಹೋಗುವವರಲ್ಲಿ ಬಹಳಷ್ಟು ಜನ ದಾಟುವ ಸ್ನೊಕ್ವಾಲ್ಮಿ ಕಣಿವೆಯ ಐ-90 ಹೆದ್ದಾರಿ ಅಂಥದ್ದೇ ಒಂದು. ಕಾರಿನವನಿಗೆ ಆಲ್-ವೀಲ್-ಡ್ರೈವ್ ಇದ್ದರೆ ಸರಪಳಿ ಕಟ್ಟುವುದರಿಂದ ವಿನಾಯಿತಿ ಸಿಗುತ್ತದೆ. 11,000 ಪೌಂಡಿನ ಮೋಟರ್‌ಹೋಮ್ ಮಾತ್ರ ಒಂದು ಸಾವಿರ ಪೌಂಡಿನ ದೆಸೆಯಿಂದ ಲಾರಿಗಳ ಸಾಲಿಗೆ ಬೀಳುತ್ತದೆ. ಸರಪಳಿಯ ಫಲಕ ಕಂಡೂ ಕಡೆಗಣಿಸಿದರೆ ದಂಡ 500 ಡಾಲರಿನವರೆಗೆ. ಬೆರಳು ಮರಗಟ್ಟುವ ಚಳಿಯಲ್ಲಿ, ರಸ್ತೆಯಂಚಿನಲ್ಲಿ ಮಂಡಿಯೂರಿ ಜೋಡಿ ಚಕ್ರಕ್ಕೆ ಸರಪಳಿ ಕಟ್ಟುವುದನ್ನು ಮನೆಯಂಗಳದಲ್ಲಿ ಒಮ್ಮೆಯಾದರೂ ಮಾಡಿ ಕಲಿತಿರಬೇಕು. ಕಲಿಯದವರ ಗತಿ ನೋಡಬೇಕೆಂದರೆ ಹಿಮ ಬೀಳುವ ಶುಕ್ರವಾರ ಸಂಜೆ ಆ ರಸ್ತೆಗೆ ಹೋದರೆ ಸಾಕು.

ಅಂತೂ ಗಾಡಿ ಬಂದು ನಿಂತಿತು ಎಂದುಕೊಳ್ಳಿ. ಎಂಜಿನ್ ಆರಿತು. ನನ್ನ ಮಟ್ಟಿಗೆ ಪರೀಕ್ಷೆ ಶುರುವಾಗುವುದೇ ಇಲ್ಲಿಂದ.

ಈ ವರ್ಗದ ಹಲವು ಗಾಡಿಗಳಲ್ಲಿ, ಎಕ್ಕೊದಲ್ಲಿ ಕೂಡ, ಬಿಸಿಗಾಳಿ ಮತ್ತು ಬಿಸಿನೀರು ಎರಡನ್ನೂ ಕೊಡುವುದು ಜರ್ಮನಿಯ ಟ್ರೂಮಾ ಕಂಪನಿಯ ಕಾಂಬಿ ಎಂಬ ಹೀಟರ್. ಮ್ಯೂನಿಕ್ ಹತ್ತಿರದ ಪುಟ್ಸ್‌ಬ್ರುನ್‌ನಲ್ಲಿರುವ ಕಂಪನಿ ಅದು. ಪೆಟ್ಟಿಗೆಯೊಳಗೆ ಪ್ರೊಪೇನ್ ಉರಿಯುತ್ತದೆ. ಹೊಗೆ ನೇರ ಹೊರಗೆ ಹೋಗುತ್ತದೆ. ಒಂದು ಫ್ಯಾನು ಬಿಸಿಗಾಳಿಯನ್ನು ಕೊಳವೆಗಳಲ್ಲಿ ದೂಡುತ್ತದೆ. ಉರಿಯುವ ಭಾಗದ ಸುತ್ತಲೇ ಹತ್ತು ಲೀಟರಿನ ಬಾಯ್ಲರ್. ಪೂರ್ತಿ ಉರಿದರೆ 6 ಕಿಲೋವ್ಯಾಟ್ ಶಾಖ. ಸಣ್ಣ ಗಾಡಿಗೆ ಇದು ಧಾರಾಳ. ಗ್ಯಾಸು ಎಷ್ಟು ದಿನ ಬರುತ್ತದೆ ಎಂಬುದು ಬೇರೆ ಮಾತು. ಈ ಹೀಟರ್ ಗಂಟೆಗೆ 160ರಿಂದ 480 ಗ್ರಾಂ ಗ್ಯಾಸ್ ತಿನ್ನುತ್ತದೆ. ಮೈನಸ್ 15ರ ರಾತ್ರಿಯಲ್ಲಿ ಸರಾಸರಿ 250 ಗ್ರಾಂ ಎಂದಿಟ್ಟುಕೊಳ್ಳಿ. ಅಮೆರಿಕದಲ್ಲಿ ಎಲ್ಲೆಡೆ ಸಿಗುವ 20 ಪೌಂಡಿನ ಸಿಲಿಂಡರಿನಲ್ಲಿ ಇರುವುದು ಒಂಬತ್ತು ಕಿಲೋ ಗ್ಯಾಸ್. ಒಂದೂವರೆ ದಿನಕ್ಕೆ ಖಾಲಿ! ಒಲೆ ಹಚ್ಚಿದ್ದು, ಸ್ನಾನ ಮಾಡಿದ್ದು ಇದರಲ್ಲಿ ಸೇರಿಲ್ಲ. ವಾರಾಂತ್ಯಕ್ಕೆ ಎರಡು ಸಿಲಿಂಡರ್, ವಾರಕ್ಕಾದರೆ ನಡುವೆ ಎಲ್ಲಿ ತುಂಬಿಸಿಕೊಳ್ಳುವುದು ಎಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಗ್ಯಾಸಿನ ವಿಚಾರದಲ್ಲಿ ಅಮೆರಿಕದವರಿಗೆ ಒಂದು ಅನುಕೂಲವಿದೆ. ಅವರ ಸಿಲಿಂಡರಿನಲ್ಲಿರುವುದು ಹೆಚ್ಚುಕಡಿಮೆ ಶುದ್ಧ ಪ್ರೊಪೇನ್. ಅದರ ಕುದಿಬಿಂದು ಮೈನಸ್ 42 ಡಿಗ್ರಿ. ಅಲ್ಲಿಯವರೆಗೂ ಅದು ಸಿಲಿಂಡರಿನೊಳಗೆ ಆವಿಯಾಗುತ್ತಲೇ ಇರುತ್ತದೆ. ನಮ್ಮ ಅಡುಗೆಮನೆಯ ಎಲ್‌ಪಿಜಿಯಲ್ಲಿ ಬ್ಯೂಟೇನ್ ಪಾಲು ದೊಡ್ಡದು. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಲಡಾಖ್‌ನಲ್ಲಿ ಚಳಿಗಾಲದ ಬೆಳಗ್ಗೆ ತುಂಬಿದ ಸಿಲಿಂಡರ್ ಇದ್ದೂ ಒಲೆ ಸರಿಯಾಗಿ ಹತ್ತದಿರುವುದು ಇದರಿಂದಲೇ.

ಡೀಸೆಲ್ ಗಾಡಿ ಇದ್ದರೆ ಸಿಲಿಂಡರಿನ ಈ ತಾಪತ್ರಯವಿಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಅದೇ ವಿನ್ನೆಬೇಗೊ 2018ರ ಮಾದರಿಯಿಂದ ಮಾರುತ್ತಿರುವ ರೆವೆಲ್ ಎಂಬ ಮರ್ಸಿಡಿಸ್ ಸ್ಪ್ರಿಂಟರ್ ಗಾಡಿಯಲ್ಲಿ ಪ್ರೊಪೇನೇ ಇಲ್ಲ. ಎಂಜಿನಿನ ಡೀಸೆಲ್ಲನ್ನೇ ಹೀಟರ್ ಉರಿಸುತ್ತದೆ. ಬಂಕಿಗೆ ಹೋದಾಗಲೆಲ್ಲ ಶಾಖವನ್ನೂ ತುಂಬಿಸಿಕೊಂಡಂತೆ. ಆದರೆ ಡೀಸೆಲ್ಲಿಗೆ ಅದರದೇ ಕಾಯಿಲೆ: ತೀರಾ ಚಳಿಗೆ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಲಡಾಖ್‌ಗೆಂದೇ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿದ್ದು ಈ ಕಾರಣಕ್ಕೇ. ಬೆಚ್ಚಗಿನ ರಾಜ್ಯದಲ್ಲಿ ಟ್ಯಾಂಕು ತುಂಬಿಸಿಕೊಂಡು ನೇರ ಬೆಟ್ಟ ಹತ್ತಿದವರು ಬೆಳಗ್ಗೆ ಎಂಜಿನ್, ಹೀಟರ್ ಎರಡನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಹತ್ತು ಸಾವಿರ ಅಡಿಯ ಮೇಲೆ ಗಾಳಿ ತೆಳುವಾಗಿ, ಡೀಸೆಲ್ ಹೀಟರಿನೊಳಗೆ ಮಸಿ ಕಟ್ಟುವ ತೊಂದರೆ ಬೇರೆ.

ಈಗ ನೀರು. ಈ ಬರಹದಲ್ಲಿ ಒಂದೇ ವಿಷಯ ಓದುತ್ತೇನೆ ಎನ್ನುವವರು ಇದನ್ನು ಓದಲಿ.

ಮೋಟರ್‌ಹೋಮಿನ ಕೋಣೆ ಬೆಚ್ಚಗಿದ್ದ ಮಾತ್ರಕ್ಕೆ ಅದರ ನೀರು ಬೆಚ್ಚಗಿರುತ್ತದೆ ಎಂದೇನಿಲ್ಲ. ಬಹುಪಾಲು ಅಗ್ಗದ ಗಾಡಿಗಳಲ್ಲಿ ಟ್ಯಾಂಕುಗಳು ನೆಲದ ಕೆಳಗೆ, ಬಯಲಿಗೆ ಮೈಯೊಡ್ಡಿ ನೇತಾಡುತ್ತವೆ. ನಾವು ಬಾಡಿಗೆಗೆ ಪಡೆದಿದ್ದ ಒಂದು ವ್ಯಾನಿನಲ್ಲಿ ಒಳಗೆ 20 ಡಿಗ್ರಿ, ಎಲ್ಲರೂ ಬರೀ ಸ್ವೆಟರಿನಲ್ಲಿ ಕೂತು ಊಟ ಮುಗಿಸಿದೆವು. ಪಾತ್ರೆ ತೊಳೆಯಹೋದರೆ ನಲ್ಲಿಯಲ್ಲಿ ನೀರು ಚೆನ್ನಾಗಿಯೇ ಬಂತು, ಕೆಳಗೆ ಮಾತ್ರ ಇಳಿಯಲಿಲ್ಲ. ಸಾರಿನ ಒಗ್ಗರಣೆಯ ಸಾಸಿವೆ, ಕರಿಬೇವು ತೇಲುತ್ತ ಸಿಂಕಿನಲ್ಲೇ ನಿಂತಿತು. ಟಾರ್ಚು ಹಿಡಿದು ಗಾಡಿಯಡಿ ತೂರಿ ನೋಡಿದರೆ ತೊಳೆದ ನೀರಿನ ಟ್ಯಾಂಕಿಗೆ ಹೊದಿಕೆಯಿತ್ತು, ಬಿಸಿಮಾಡುವ ಪಟ್ಟಿಯೂ ಇತ್ತು. ಅದರ ವಾಲ್ವು ಮತ್ತು ಒಂದು ಗೇಣು ಪೈಪು ಮಾತ್ರ ಹೊರಗೆ. ಆ ಒಂದು ಗೇಣು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ವಾಲ್ವಿನ ಹಿಡಿ ಎಳೆದರೆ ತಂತಿ ಬಂತೇ ಹೊರತು ಬಾಗಿಲು ಕದಲಲಿಲ್ಲ. ಇನ್ನೂ ಜೋರು ಮಾಡಿದ್ದರೆ ಹಿಡಿಯೇ ಕೈಗೆ ಬರುತ್ತಿತ್ತು.

ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಈಗಿನ ಪ್ಲಾಸ್ಟಿಕ್ ಪೈಪುಗಳು ಅದನ್ನು ಒಂದಿಷ್ಟು ತಾಳಿಕೊಳ್ಳುತ್ತವೆ. ಪಂಪು, ಫಿಲ್ಟರಿನ ಬಟ್ಟಲು, ತಿರುವಿನ ಜೋಡಣೆಗಳು ತಾಳುವುದಿಲ್ಲ, ಸೀಳುತ್ತವೆ. ಸೀಳಿದ್ದು ಆಗ ಕಾಣುವುದಿಲ್ಲ. ಊರಿಗೆ ಬಂದು ಮಂಜು ಕರಗಿದ ಮೇಲೆ ಮಂಚದ ಕೆಳಗಿಂದ ನೀರು ಜಿನುಗುತ್ತದೆ. ರಿಪೇರಿಯ ಬಿಲ್ಲು ಆಮೇಲೆ.

ಎಕ್ಕೊ ನನಗೆ ಹಿಡಿಸುವುದು ಈ ವಿಷಯದಲ್ಲಿ. ಅದರ ನೆಲ ಎರಡು ಪದರ. ನಾವು ಓಡಾಡುವ ನೆಲಕ್ಕೂ ಗಾಡಿಯ ತಳಕ್ಕೂ ನಡುವೆ ಟ್ಯಾಂಕು, ಪೈಪುಗಳಿಗೆಂದೇ ಜಾಗ ಬಿಟ್ಟು ಅಲ್ಲಿಗೂ ಬಿಸಿಗಾಳಿ ಹಾಯಿಸಿದ್ದಾರೆ. ಒಳ್ಳೆಯ ನೀರಿಗೆ 50 ಗ್ಯಾಲನ್, ಅಂದರೆ 190 ಲೀಟರ್. ಬಳಸಿದ ನೀರಿಗೆ 51 ಗ್ಯಾಲನ್. ಈ ಗಾತ್ರದ ಗಾಡಿಗೆ ಇದು ದೊಡ್ಡ ಟ್ಯಾಂಕು. ಚಳಿಗಾಲದಲ್ಲಿ ಅದರ ಬೆಲೆ ಇಮ್ಮಡಿ, ಏಕೆಂದರೆ ಹಲವು ಕ್ಯಾಂಪ್‌ಗ್ರೌಂಡುಗಳಲ್ಲಿ ನಲ್ಲಿಗಳನ್ನೂ ಕೊಳೆನೀರು ಸುರಿಯುವ ಜಾಗವನ್ನೂ ಆ ತಿಂಗಳುಗಳಲ್ಲಿ ಮುಚ್ಚಿರುತ್ತಾರೆ. ಇಬ್ಬರು ಕೈಬಿಗಿ ಹಿಡಿದು ದಿನಕ್ಕೆ ಮೂವತ್ತು ಲೀಟರ್ ಬಳಸಿದರೆ ಆರು ದಿನ ಬಂದೀತು. ಶೌಚದ ತೊಟ್ಟಿ ಗಾಡಿಯ ಬದಿಯಿಂದ ಹೊರಗೆಳೆದು ಸೂಟ್‌ಕೇಸಿನಂತೆ ಒಯ್ಯುವ ಬಗೆಯದು, ಕ್ಯಾಸೆಟ್ ಎನ್ನುತ್ತಾರೆ. ಅದನ್ನು ಒಯ್ಯುವ ಕೆಲಸ ಯಾರಿಗೂ ಇಷ್ಟವಿಲ್ಲ. ಆದರೂ ಅದು ಗಾಡಿಯ ಮೈಯೊಳಗೇ ಕೂತಿರುವುದರಿಂದ ಹೆಪ್ಪುಗಟ್ಟುವ ಭಯ ಕಡಿಮೆ, ಮಾಮೂಲಿ ಶೌಚಾಲಯದಲ್ಲೂ ಸುರಿದು ಬರಬಹುದು.

ಟ್ರೂಮಾ ಬಾಯ್ಲರಿನಲ್ಲಿ ಫ್ರಾಸ್ಟ್‌ಕಂಟ್ರೋಲ್ ಎಂಬ ಪುಟ್ಟ ವಾಲ್ವಿದೆ. ಅದರ ಆಸುಪಾಸಿನ ಉಷ್ಣಾಂಶ 3 ಡಿಗ್ರಿಗೆ ಇಳಿಯುತ್ತಲೇ ಅದು ತಾನಾಗಿ ತೆರೆದುಕೊಂಡು ಬಾಯ್ಲರಿನ ನೀರನ್ನು ಹೊರಗೆ ಚೆಲ್ಲಿಬಿಡುತ್ತದೆ. 7 ಡಿಗ್ರಿ ದಾಟುವವರೆಗೆ ಮತ್ತೆ ಮುಚ್ಚಲು ಬಿಡುವುದಿಲ್ಲ. ಗೊತ್ತಿಲ್ಲದವರು ಗಾಡಿಯಡಿ ಸುರಿಯುವ ನೀರು ಕಂಡು ಕೆಟ್ಟೇಹೋಯಿತು ಎಂದು ಗಾಬರಿಯಾಗುತ್ತಾರೆ. ಕೆಟ್ಟಿಲ್ಲ, ಬಾಯ್ಲರ್ ಒಡೆಯದಂತೆ ಕಾಪಾಡುತ್ತಿದೆ ಅಷ್ಟೆ.

ಬ್ಯಾಟರಿಯ ಕಡೆ ಬರೋಣ. ಬಿಸಿಗಾಳಿ ದೂಡುವ ಫ್ಯಾನಿಗೆ, ಹೀಟರಿನ ಮೆದುಳಿಗೆ ಕರೆಂಟು ಬೇಕು. ಬ್ಯಾಟರಿ ಸತ್ತರೆ ಸಿಲಿಂಡರ್ ತುಂಬಿದ್ದೂ ಚಳಿಯೇ ಗತಿ. ಇಂಥ ಗಾಡಿಗಳಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಒಂದು ಕಟ್ಟುನಿಟ್ಟಿದೆ: ಸೊನ್ನೆಗಿಂತ ಕೆಳಗೆ ಅದರಿಂದ ಕರೆಂಟು ತೆಗೆಯಬಹುದು, ತುಂಬಬಾರದು. ತುಂಬಿದರೆ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಬ್ಯಾಟರಿ ಶಾಶ್ವತವಾಗಿ ಹಾಳು. ಒಳ್ಳೆಯವುಗಳಲ್ಲಿ ಇದನ್ನು ತಡೆಯುವ ಸರ್ಕ್ಯೂಟು, ಜೊತೆಗೆ ಬ್ಯಾಟರಿಯನ್ನೇ ಬೆಚ್ಚಗಿಡುವ ಪಟ್ಟಿ ಇರುತ್ತವೆ. ಹೀಗಾಗಿ ಎಷ್ಟು ಆಂಪಿಯರ್-ಅವರ್ ಎಂದು ಕೇಳುವ ಮೊದಲು ಬ್ಯಾಟರಿ ಎಲ್ಲಿ ಕೂತಿದೆ, ಬೆಚ್ಚನೆಯ ಕಡೆಯೋ ಹೊರಗೋ ಎಂದು ಕೇಳಬೇಕು. ಎಕ್ಕೊದ ಮಾಡಿನ ಮೇಲೆ 455 ವ್ಯಾಟಿನ ಸೋಲಾರ್ ಇದೆ, ಬೇಸಿಗೆಗೆ ಭರ್ಜರಿ. ಡಿಸೆಂಬರಿನ ಕೊನೆಗೆ ಸಿಯಾಟಲ್‌ನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 19 ಡಿಗ್ರಿಯಷ್ಟೇ ಮೇಲೇರುತ್ತಾನೆ. ಮಟ್ಟಸವಾಗಿ ಮಲಗಿಸಿದ ಫಲಕಕ್ಕೆ ಬೀಳುವುದು ಓರೆಬಿಸಿಲು. ಮೋಡವೇ ಇಲ್ಲದ ದಿನವೂ ನೂರೈವತ್ತು ವ್ಯಾಟು ದಕ್ಕಿದರೆ ಪುಣ್ಯ. ಮೇಲೆ ನಾಲ್ಕು ಬೆರಳು ಹಿಮ ಕೂತರೆ ಅದೂ ಇಲ್ಲ. ಚಳಿಗಾಲದಲ್ಲಿ ಸೋಲಾರನ್ನು ಲೆಕ್ಕಕ್ಕೇ ಹಿಡಿಯಬೇಡಿ. ಎರಡು ದಿನಕ್ಕೊಮ್ಮೆ ಗಾಡಿ ಓಡಿಸಿ ಆಲ್ಟರ್ನೇಟರಿನಿಂದ ತುಂಬಿಸಿಕೊಳ್ಳಿ, ಇಲ್ಲವೇ ಪ್ಲಗ್ ಪಾಯಿಂಟ್ ಇರುವ ಜಾಗ ಹುಡುಕಿ.

ಬೆಚ್ಚಗಿನ ಸಣ್ಣ ಕೋಣೆಯ ಇನ್ನೊಂದು ಕಾಟ ತೇವ. ಇಬ್ಬರು ಮಲಗಿದರೆ ಉಸಿರು, ಬೆವರಿನಿಂದಲೇ ರಾತ್ರಿಗೆ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಒಲೆಯ ಮೇಲೆ ಉರಿದ ಪ್ರತಿ ಕಿಲೋ ಪ್ರೊಪೇನ್ ಒಂದೂವರೆ ಕಿಲೋಗೂ ಮಿಕ್ಕಿ ನೀರಾವಿ ಕೊಡುತ್ತದೆ. ನಮ್ಮವರಾದರೋ ಅಲ್ಲೂ ಅನ್ನ-ಸಾರು ಬಿಡುವವರಲ್ಲ. ಕುಕ್ಕರ್ ಮೂರು ಸೀಟಿ ಕೂಗಿದರೆ ಕಿಟಕಿಯ ಗಾಜಿನಲ್ಲಿ ಹನಿಗಳ ಓಟ ಶುರು. ಈ ತೇವ ಹೋಗಿ ಕೂರುವುದು ತಣ್ಣಗಿರುವ ಕಡೆ: ಹಾಸಿಗೆಯ ಅಡಿ, ಕಪಾಟಿನ ಹಿಂಬದಿ, ಡ್ರೈವರಿನ ಮುಂದಿನ ದೊಡ್ಡ ಗಾಜು. ಲೋಹದ ವ್ಯಾನುಗಳಲ್ಲಿ ಸ್ಕ್ರೂಗಳ ತಲೆಯ ಮೇಲೂ ಹಿಮದ ಬಿಳಿ ಚುಕ್ಕೆ ಕಾಣುತ್ತದೆ. ಎಕ್ಕೊದ ಹಿಂಭಾಗ ನಡುವೆ ನಿರೋಧಕ ತುಂಬಿದ ಫೈಬರ್‌ಗ್ಲಾಸ್ ಗೋಡೆಯದ್ದಾದ್ದರಿಂದ ಇದು ಕಡಿಮೆ. ಮುಂದಿನ ಕ್ಯಾಬಿನ್ ಮಾತ್ರ ಅದೇ ಟ್ರಾನ್ಸಿಟ್, ಒಂಟಿ ಗಾಜು, ತೆಳು ಬಾಗಿಲು. ದಪ್ಪ ಪರದೆ ಎಳೆದು ಅದನ್ನು ಮಲಗುವ ಭಾಗದಿಂದ ಬೇರೆ ಮಾಡದಿದ್ದರೆ ಶಾಖವೆಲ್ಲ ಅಲ್ಲಿಂದಲೇ ಸೋರುತ್ತದೆ. ಹುಚ್ಚು ಎನಿಸಿದರೂ ಮಾಡಿನ ಕಿಂಡಿಯನ್ನು ಎರಡು ಬೆರಳಷ್ಟು ತೆರೆದಿಟ್ಟು ಮಲಗಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಒಲೆಯನ್ನೇ ಹಚ್ಚಿಟ್ಟು ಕೋಣೆ ಬೆಚ್ಚಗೆ ಮಾಡಿಕೊಳ್ಳುವ ಯೋಚನೆ ಬೇಡವೇ ಬೇಡ.

'ಫೋರ್ ಸೀಸನ್' ಎಂಬ ಚೀಟಿಯನ್ನು ಎಷ್ಟು ನಂಬಬೇಕು? ಅಮೆರಿಕದಲ್ಲಿ ಆ ಪದ ಕಂಪನಿಗಳ ಬಾಯಿಮಾತು. ಯುರೋಪಿನಲ್ಲಿ ಹಾಗಲ್ಲ. ಇಎನ್ 1646 ಎಂಬ ಮಾನದಂಡದಲ್ಲಿ ಗ್ರೇಡ್ 3 ಪಡೆಯಬೇಕಾದರೆ ಗಾಡಿಯನ್ನು ಮೈನಸ್ 15 ಡಿಗ್ರಿಯ ಶೀತಕೋಣೆಯಲ್ಲಿ ಚೆನ್ನಾಗಿ ತಣಿಸಿ, ಆಮೇಲೆ ಹೀಟರ್ ಹಾಕಿ, ನಾಲ್ಕು ಗಂಟೆಯೊಳಗೆ ಒಳಗೆ 20 ಡಿಗ್ರಿ ತಂದು ತೋರಿಸಬೇಕು. ನೀರಿನ ವ್ಯವಸ್ಥೆಯೂ ಕೆಲಸ ಮಾಡಬೇಕು. ಅಮೆರಿಕದ ಕೊಳ್ಳುಗ ಇಂಥದೊಂದು ಪರೀಕ್ಷೆ ಆಗಿದೆಯೇ, ಎಷ್ಟು ಡಿಗ್ರಿಯಲ್ಲಿ, ಟ್ಯಾಂಕಿನ ಹತ್ತಿರದ ಉಷ್ಣಾಂಶ ಎಷ್ಟಿತ್ತು ಎಂದು ತಾನೇ ಬಾಯಿಬಿಟ್ಟು ಕೇಳಬೇಕು. ಉತ್ತರ ಸಂಖ್ಯೆಯಲ್ಲಿ ಬರದೆ ಬರೀ ಹೊಗಳಿಕೆಯಲ್ಲಿ ಬಂದರೆ ಮುಂದಿನ ಅಂಗಡಿಗೆ ನಡೆಯಬಹುದು.

ಅಕ್ಕನ ಮಗನಿಗೆ ನಾನು ಕೊಟ್ಟ ಅಭಿಪ್ರಾಯ ಹೀಗೆ. ಸಿಯಾಟಲ್ ಕಡೆಯ ಕ್ಯಾಸ್ಕೇಡ್ ಬೆಟ್ಟಸಾಲಿನ ಚಳಿಗೆ, ಮೈನಸ್ ಹತ್ತು-ಹದಿನೈದರವರೆಗೆ, ಈ ಗಾಡಿ ಹೇಳಿಸಿಕೊಂಡಷ್ಟು ಕೆಲಸ ಮಾಡೀತು. ಮಿನ್ನೆಸೋಟದ ಮೈನಸ್ ಮೂವತ್ತಕ್ಕೆ ನಾನಾದರೆ ಟ್ಯಾಂಕು ಬರಿದು ಮಾಡಿ, ಕ್ಯಾನಿನಲ್ಲಿ ಕುಡಿಯುವ ನೀರು ಇಟ್ಟುಕೊಂಡು ಹೋಗುತ್ತೇನೆ. ಆಗ ಅಷ್ಟು ದುಡ್ಡಿನ ಕೊಳಾಯಿ ವ್ಯವಸ್ಥೆಯ ಅಗತ್ಯವೇ ಇಲ್ಲ. ದುಡ್ಡಿನ ಮಾತು ಬಂದರೆ, ಹೋಟೆಲು ರಾತ್ರಿಗೆ 300 ಡಾಲರ್ ಎಂದೇ ಹಿಡಿದರೂ ಒಂದೂವರೆ ಲಕ್ಷಕ್ಕೆ 500 ರಾತ್ರಿ. ವರ್ಷಕ್ಕೆ ಇಪ್ಪತ್ತು ರಾತ್ರಿ ಸ್ಕೀಗೆ ಹೋಗುವವನಿಗೆ ಇಪ್ಪತ್ತೈದು ವರ್ಷ. ಉಳಿತಾಯಕ್ಕೆಂದು ಕೊಳ್ಳುವ ಗಾಡಿ ಇದಲ್ಲ. ಬೆಳಗ್ಗೆ ಎದ್ದರೆ ಬಾಗಿಲಲ್ಲೇ ಬೆಟ್ಟ ಇರಬೇಕು ಎನ್ನುವ ಆಸೆಗೆ ಕೊಳ್ಳುವುದಾದರೆ ಸರಿ, ಆಸೆಗೆ ಲೆಕ್ಕ ಹಾಕಲು ನಾನ್ಯಾರು.

ಕೊಳ್ಳುವ ಮೊದಲು ಜನವರಿಯಲ್ಲೇ ಒಂದು ವಾರಾಂತ್ಯಕ್ಕೆ ಬಾಡಿಗೆ ಹಿಡಿದು ನೋಡು ಎಂದೆ. ಅಲ್ಲಿಯೂ ಒಂದು ತೊಡಕಿದೆ. ಚಳಿಗಾಲದಲ್ಲಿ ಬಾಡಿಗೆ ಗಾಡಿಗಳನ್ನು ಹಲವರು ನೀರೆಲ್ಲ ಬಸಿದು, ಪೈಪಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಯೇ ಕೊಡುತ್ತಾರೆ. ಹಾಗಾದರೆ ನಾವು ಪರೀಕ್ಷಿಸಬೇಕಾದ್ದನ್ನೇ ಪರೀಕ್ಷಿಸಿದಂತಾಗುವುದಿಲ್ಲ. ನೀರು ತುಂಬಿಸಿಕೊಳ್ಳಲು ಒಪ್ಪಿಗೆ ಇದೆಯೇ, ಹೆಪ್ಪುಗಟ್ಟಿ ಒಡೆದರೆ ಖರ್ಚು ಯಾರದ್ದು ಎಂಬ ಎರಡೂ ಮಾತನ್ನು ಮೊದಲೇ ಕೇಳಿ, ಕರಾರಿನಲ್ಲಿ ಬರೆಸಿಕೊಂಡೇ ಕೀಲಿ ತೆಗೆದುಕೊಳ್ಳಬೇಕು.